ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ, ಸಚಿವರೇ?

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರ ಸರ್.

ನಾನು ಮೈಸೂರಿನಲ್ಲಿ ಪಿಸಿಬಿ ಡಿಸೈನ್ ಮಾಡುವವಳು. ಟಿವಿ ರಿಮೋಟ್ ಬಿಚ್ಚಿದರೆ ಒಳಗೊಂದು ಹಲಗೆ, ಅದರ ಮೇಲೆ ಸಣ್ಣ ಸಣ್ಣ ಗೆರೆಗಳು ಕಾಣುತ್ತವಲ್ಲ, ಆ ಗೆರೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗಬೇಕು ಅಂತ ಕೂತು ಎಳೆಯುವುದೇ ನನ್ನ ಕೆಲಸ. ಒಂದು ಗೆರೆ ಇನ್ನೊಂದನ್ನು ಮುಟ್ಟಬಾರದು. ಬಿಸಿ ಎಲ್ಲಾ ಒಂದೇ ಕಡೆ ಸೇರಬಾರದು. ಕೊಟ್ಟ ಡಬ್ಬಿಯೊಳಗೆ ಹಲಗೆ ಕೂರಬೇಕು. ಅರ್ಧ ವಿಜ್ಞಾನ, ಅರ್ಧ ಚಿತ್ರ ಬರೆಯೋ ಕೆಲಸ. "ಹೆಣ್ಣುಮಗಳು ಇದಕ್ಕೆ ಹೇಗಮ್ಮ ಬಂದೆ?" ಅಂತ ಈಗಲೂ ಕೇಳುವವರಿದ್ದಾರೆ. ಡಿಪ್ಲೊಮಾ ಮಾಡಿದ ಕಾಲೇಜಿನ ಹೆಸರು ನಾನು ಹೇಳಲ್ಲ. ಎಚ್.ಡಿ. ಕೋಟೆ ತಾಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯಿಂದ ಬಂದೆ ಅಂತೀನಿ.

ಆ ಶಾಲೆ ನೆನೆಸಿಕೊಂಡೇ ಈ ಪತ್ರ ಬರೆಯುತ್ತಿದ್ದೇನೆ. ಹೊಗಳಿಕೆಯೂ ಇದೆ, ದೂರೂ ಇದೆ.

ಮಕ್ಕಳು ಕಾರ್ಡು ಹಿಡಿದು, ಆಟ ಆಡುತ್ತಾ ತಾವೇ ಕಲಿಯುವ ನಲಿ-ಕಲಿ ಪದ್ಧತಿ ಶುರುವಾಗಿದ್ದು ನಮ್ಮ ತಾಲೂಕಿನಲ್ಲೇ, 1995ರಲ್ಲಿ. ನಮ್ಮ ಕಡೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಶಾಲೆಗಳನ್ನು ನೋಡಿ ಬಂದು, ಇಲ್ಲಿಗೆ ಒಗ್ಗುವ ಹಾಗೆ ಕಾರ್ಡುಗಳನ್ನು ತಾವೇ ತಯಾರು ಮಾಡಿದರು. ಅದು ಇಡೀ ರಾಜ್ಯಕ್ಕೆ ಹೋಗಿದ್ದು 2009-10ರಲ್ಲಿ. ನಾನು ಒಂದನೇ ತರಗತಿಗೆ ಸೇರಿದ್ದು 1998ರಲ್ಲಿ. ಬೆಂಚು ಇಲ್ಲ, ಸಾಲು ಇಲ್ಲ. ಗುಂಪುಗುಂಪಾಗಿ ನೆಲದ ಮೇಲೆ ಕೂರುತ್ತಿದ್ದೆವು. ಏಣಿಯ ಚಿತ್ರದಲ್ಲಿ ನಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ನೋಡಿಕೊಂಡು, ನನ್ನ ಕಾರ್ಡನ್ನು ನಾನೇ ಹೋಗಿ ಎತ್ತಿಕೊಂಡು ಬರಬೇಕು. ಹುಣಸೆ ಬೀಜ ಎಣಿಸಿ ಹತ್ತು ಹತ್ತು ಗುಡ್ಡೆ ಮಾಡಬೇಕು. ತಲೆ ಮೇಲೆ ದಾರ ಕಟ್ಟಿದ ಚಪ್ಪರ. ನಾವು ಕತ್ತರಿಸಿದ್ದು, ಬರೆದಿದ್ದು, ಅಂಟಿಸಿದ್ದು ಅಲ್ಲಿ ನೇತಾಡುತ್ತಿತ್ತು. ನಾನು ಮಾಡಿದ ರಟ್ಟಿನ ಎತ್ತಿನ ಗಾಡಿಯ ಒಂದು ಚಕ್ರ ದೊಡ್ಡದು, ಒಂದು ಚಿಕ್ಕದು. ಆದರೂ ವಾರಗಟ್ಟಲೆ ನೇತಾಡಿತು. ಯಾರೂ ನಗಲಿಲ್ಲ.

ಸಾಮಾನನ್ನು ಮುಟ್ಟೋಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ ಸರ್. ಏಳು ವರ್ಷದ ಹುಡುಗಿಗೆ ಅದು ದೊಡ್ಡ ವಿಷಯ. ಮನೆಯಲ್ಲಿ ಕತ್ತರಿ ಮುಟ್ಟಿದರೂ ಬೈಗುಳ.

ನಾಲ್ಕನೇ ತರಗತಿಗೆ ಬಂದಾಗ ಎಲ್ಲಾ ಬದಲಾಯಿತು. ಸಾಲಾಗಿ ಕೂತೆವು. ಪಾಠ ಓದಿಸಿದರು, ಪ್ರಶ್ನೋತ್ತರ ಬರೆಸಿದರು. ವಿಜ್ಞಾನದ ಕಿಟ್ ಒಂದು ಇತ್ತು, ಕಬ್ಬಿಣದ ಬೀರುವಿನೊಳಗೆ. ಬೀಗದ ಕೈ ಹೆಡ್ ಮಾಸ್ಟರ್ ಮೇಜಿನಲ್ಲಿ. ಒಡೆದು ಹೋದರೆ ಲೆಕ್ಕ ಕೊಡಬೇಕಲ್ಲ ಅನ್ನೋ ಭಯ, ಅವರದೂ ತಪ್ಪಲ್ಲ ಬಿಡಿ. ನಾನು ನೋಡಿದ ಹಾಗೆ ಅದು ಹೊರಗೆ ಬಂದಿದ್ದು ಒಂದೇ ಸಲ, ಇನ್ಸ್‌ಪೆಕ್ಷನ್ ದಿನ. ಮೂವರು ಹುಡುಗರು ಲೆನ್ಸು, ಅಯಸ್ಕಾಂತ ಹಿಡಿದು ಮುಂದೆ ನಿಂತರು. ನಾವು ಹುಡುಗಿಯರು ಹೂವಿನ ತಟ್ಟೆ ಹಿಡಿದು ಗೇಟಿನ ಹತ್ತಿರ ನಿಂತೆವು.

ಹಾಗಾಗಿ ಐದನೇ ತರಗತಿಯಲ್ಲಿ ನಾನು ಅಪ್ಪನ ಟಾರ್ಚ್ ಬಿಚ್ಚಿದೆ. ನಮ್ಮ ಕಡೆ ರಾತ್ರಿ ಹೊಲ ಕಾಯೋಕೆ ಟಾರ್ಚ್ ಬೇಕೇ ಬೇಕು, ಆನೆ ಬರುತ್ತೆ, ಹಂದಿ ಬರುತ್ತೆ. ಅಂಥ ಟಾರ್ಚು. ಎರಡು ತುಂಡು ವೈರು ಹುಡುಕಿಕೊಂಡು ಎರಡನ್ನೂ ಬಲ್ಬಿನ ಬುಡದ ಚುಕ್ಕಿಗೇ ಒತ್ತಿ ಹಿಡಿದೆ. ಉರಿಯಲಿಲ್ಲ. ಸೆಲ್ ತಿರುಗಿಸಿದೆ. ಇಲ್ಲ. ಬೆರಳು ನೋವು ಬರುವ ತನಕ ಒತ್ತಿದೆ. ಕೊನೆಗೆ ಕೈ ಜಾರಿ ಒಂದು ವೈರು ಬಲ್ಬಿನ ಪಕ್ಕದ ತಗಡಿಗೆ ತಾಗಿತು, ಫಕ್ಕನೆ ಬೆಳಕು ಬಂತು. ಒಂದು ದಾರಿಯಲ್ಲಿ ಹೋಗಬೇಕು, ಇನ್ನೊಂದು ದಾರಿಯಲ್ಲಿ ವಾಪಸ್ ಬರಬೇಕು ಅಂತ ಆಗ ಗೊತ್ತಾಯಿತು. ಇವತ್ತಿಗೂ ನಾನು ಮಾಡ್ತಿರೋದು ಅದೇ. ಅಪ್ಪ ಚೆನ್ನಾಗಿ ಬೈದರು, ಅದು ಬೇರೆ ಕಥೆ. ಮೂರು ವರ್ಷ ಕಾರ್ಡು, ರಟ್ಟು, ಬೀಜ ಎತ್ತಿಕೊಂಡು ಅಭ್ಯಾಸವಾಗಿರದಿದ್ದರೆ ಆ ಟಾರ್ಚ್ ಮುಟ್ಟುವ ಧೈರ್ಯ ನನಗೆ ಬರುತ್ತಿರಲಿಲ್ಲ.

ರಾಜೇಶ್ವರಿ ಚಟರ್ಜಿಯವರ ಬಗ್ಗೆ ತಮಗೆ ಗೊತ್ತಿರಬಹುದು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅಂತ ಹೆಸರಾದವರು, ಹುಟ್ಟಿದ್ದು 1922ರಲ್ಲಿ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅಮೆರಿಕದ ಮಿಷಿಗನ್‌ನಲ್ಲಿ ಡಾಕ್ಟರೇಟ್ ಮಾಡಿ, 1953ರಲ್ಲಿ ವಾಪಸ್ ಬಂದು ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲೇ ಪಾಠ ಮಾಡಿದರು. ಮೈಕ್ರೋವೇವ್, ಆಂಟೆನಾ ಅವರ ಕ್ಷೇತ್ರ. ಶಾಲೆ ಮುಗಿಸಿದಾಗ ಇತಿಹಾಸ ತಗೊಳ್ಳೋಣ ಅಂತ ಆಸೆ ಇತ್ತಂತೆ, ಕೊನೆಗೆ ವಿಜ್ಞಾನಕ್ಕೆ ಬಂದರು. ಅವರು ಮೊದಲು ಕಲಿತಿದ್ದು ಸ್ವಂತ ಅಜ್ಜಿ ಕಮಲಮ್ಮ ದಾಸಪ್ಪ ಕಟ್ಟಿದ ಶಾಲೆಯಲ್ಲಿ. ಆ ಅಜ್ಜಿ ಹಳೇ ಮೈಸೂರು ಸೀಮೆಯ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು.

ಎಲ್ಲರಿಗೂ ಶಾಲೆ ಕಟ್ಟೋ ಅಜ್ಜಿ ಸಿಗಲ್ಲ, ಅಲ್ವಾ? ನನ್ನಂಥವರಿಗೆ ಸರ್ಕಾರವೇ ಅಜ್ಜಿ. ಮೂರನೇ ತರಗತಿ ತನಕ ಈ ಅಜ್ಜಿ ಬಹಳ ಚೆನ್ನಾಗಿ ನೋಡಿಕೊಂಡಳು. ಆಮೇಲೆ ಬೀರುವಿಗೆ ಬೀಗ ಹಾಕಿಬಿಟ್ಟಳು.

ಇದು ಹಳೆಯ ಕಥೆ ಅಂತ ತಾವು ಅನ್ನಬಹುದು. ಹೋದ ವರ್ಷ ಮೈಸೂರಿನ ಹತ್ತಿರದ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಬೀರು ಹೊಸದು, ಬೀಗವೂ ಹೊಸದು. ಡ್ರಾಯಿಂಗ್ ಮೇಷ್ಟ್ರು ಇಲ್ಲ. ಪ್ರತಿಭಾ ಕಾರಂಜಿ ಸ್ಪರ್ಧೆ ಹತ್ತಿರ ಬಂದಾಗ ಮಾತ್ರ ಮಣ್ಣು ತರಿಸುತ್ತಾರೆ, ಗೆಲ್ಲಬಹುದಾದ ಒಬ್ಬಳ ಕೈಗೆ ಕೊಡುತ್ತಾರೆ. ಉಳಿದ ಮಕ್ಕಳು ಸುಮ್ನೆ ಚಪ್ಪಾಳೆ ತಟ್ಟಬೇಕು.

2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ ಸರ್. 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಚಿತ್ರಕಲೆಗೆ, ಕೈಕೆಲಸಕ್ಕೆ ಅರೆಕಾಲಿಕ ಬೋಧಕರನ್ನು ಕೊಡಬೇಕು. ಅದನ್ನು ಕೊಡಿ. ಮಕ್ಕಳು ಕೈಯಾರೆ ಮಾಡಿ ಕಲಿಯೋಕೆ ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಇರೋದು ಒಳ್ಳೆಯದೇ, ಆದರೆ ಅದು 6ನೇ ತರಗತಿಯಿಂದ ಮೇಲೆ. ಅಷ್ಟರೊಳಗೆ ಎಷ್ಟೋ ಹುಡುಗಿಯರು "ಇದು ಹುಡುಗರ ಸಾಮಾನು" ಅಂತ ಕೈ ಹಿಂದೆ ಕಟ್ಟಿಕೊಂಡಾಗಿರುತ್ತೆ. ನಾಲ್ಕು, ಐದನೇ ತರಗತಿಗೂ ಚಪ್ಪರ ಕಟ್ಟಿಸಿ. ಇದಕ್ಕೆ ಬೇಕಾಗೋದು ಒಂದಿಷ್ಟು ದಾರ. ಮುಖ್ಯವಾಗಿ ಒಂದು ಸುತ್ತೋಲೆ ಹೊರಡಿಸಿ: ಮಕ್ಕಳ ಕೈಯಲ್ಲಿ ಕಿಟ್‌ನ ಸಾಮಾನು ಒಡೆದರೆ ಮೇಷ್ಟ್ರ ಮೇಲೆ ಲೆಕ್ಕ ಹಾಕುವುದಿಲ್ಲ ಅಂತ. ಆ ಒಂದು ಸಾಲಿಗೆ ಎಷ್ಟೋ ಬೀಗ ತೆರೆದುಕೊಳ್ಳುತ್ತವೆ.

ಅದಾದ ಮೇಲೆ ಒಂದು ದಿನ ಯಾವುದಾದರೂ ಹಳ್ಳಿ ಶಾಲೆಗೆ ಬನ್ನಿ. ಬೀರು ತೆಗೆಸಿ. ಐದನೇ ತರಗತಿಯ ಹುಡುಗಿಯೊಬ್ಬಳಿಗೆ ಸೆಲ್, ಬಲ್ಬು, ಎರಡು ತುಂಡು ವೈರು ಕೊಡಿ. ಹೇಗೆ ಅಂತ ಹೇಳಿಕೊಡಬೇಡಿ, ಹತ್ತು ನಿಮಿಷ ಕಾಯಿರಿ. ಒಂದೇ ಒಂದು ವಿನಂತಿ, ಬರುವ ವಿಷಯ ಮೊದಲೇ ಹೇಳಬೇಡಿ. ಹೇಳಿದರೆ ಆ ಹುಡುಗಿ ಗೇಟಿನ ಹತ್ತಿರ ಹೂವಿನ ತಟ್ಟೆ ಹಿಡಿದು ನಿಂತಿರುತ್ತಾಳೆ.

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಶಾಲೆಯ ಹಳೇ ವಿದ್ಯಾರ್ಥಿನಿ
ಮೈಸೂರು