ಮೈಲೇಜ್ ಬಿದ್ದರೆ ಮೊದಲು ಸೆನ್ಸರ್ ರೀಡಿಂಗ್ ನೋಡಿ, ಆಮೇಲೆ ಪಾರ್ಟ್ ಬದಲಿಸಿ

ಸಂಪಾದಕರಿಗೆ ನಮಸ್ಕಾರ.

ಮೈಲೇಜ್ ಕಮ್ಮಿ ಆಯ್ತು ಅಂತ ಗ್ಯಾರೇಜಿಗೆ ಕಾರು ಬಿಟ್ಟವರು ಒಂದಾದ ಮೇಲೆ ಒಂದು ಪಾರ್ಟ್ ಬದಲಿಸಿಕೊಂಡು ಬರುವುದು ನೋಡಿ ಬೇಜಾರಾಗಿ ಈ ಪತ್ರ ಬರೆಯುತ್ತಿದ್ದೇನೆ. ನನಗೂ ಹಾಗೇ ಆಯಿತು.

ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ ಲೆಕ್ಕ ಹಾಕುವ ಅಭ್ಯಾಸ ನನ್ನದು. ಲೀಟರಿಗೆ 16 ಕಿಲೋಮೀಟರ್ ಕೊಡುತ್ತಿದ್ದ ಪೆಟ್ರೋಲ್ ಕಾರು ಮೂರು ನಾಲ್ಕು ತಿಂಗಳಲ್ಲಿ 13ಕ್ಕೆ ಇಳಿಯಿತು. ಪಿಕಪ್ ಚೆನ್ನಾಗೇ ಇತ್ತು. ಚೆಕ್ ಇಂಜಿನ್ ಲೈಟೂ ಹತ್ತಿರಲಿಲ್ಲ. ಟೈರಿನ ಗಾಳಿ ಸರಿ ಇತ್ತು, ಬ್ರೇಕ್ ಜಾಮ್ ಆಗಿ ಚಕ್ರ ಹಿಡಿದುಕೊಳ್ಳುತ್ತಿರಲಿಲ್ಲ. ಗ್ಯಾರೇಜಿನಲ್ಲಿ ಏರ್ ಫಿಲ್ಟರ್ ಹಾಕಿದರು, ಸ್ಪಾರ್ಕ್ ಪ್ಲಗ್ ಬದಲಿಸಿದರು, ಇಂಜೆಕ್ಟರ್ ಕ್ಲೀನ್ ಮಾಡಿದರು, ಮೈಲೇಜ್ ಮಾತ್ರ ಇದ್ದಲ್ಲೇ ಇತ್ತು. ಬಿಚ್ಚಿದ ಹಳೇ ಪ್ಲಗ್‌ಗಳನ್ನು ಕೈಗೆ ಕೊಟ್ಟರು. ನಾಲ್ಕರ ತುದಿಯೂ ಒಣ ಮಸಿ ಹಿಡಿದು ಕಪ್ಪಾಗಿತ್ತು. ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅನ್ನೋದು ಅಲ್ಲೇ ಕಾಣುತ್ತಿತ್ತು. ಯಾಕೆ ಜಾಸ್ತಿ ಹೋಗುತ್ತಿದೆ ಅಂತ ಮಾತ್ರ ಯಾರೂ ನೋಡಲಿಲ್ಲ.

ಇಂಜಿನ್ನಿಗೆ ಎಷ್ಟು ಪೆಟ್ರೋಲ್ ಬಿಡಬೇಕು ಅಂತ ತೀರ್ಮಾನಿಸುವುದು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್. ಅದಕ್ಕೆ ಕಣ್ಣಿನ ಹಾಗೆ ಇರುವುದು ಸೈಲೆನ್ಸರ್ ಪೈಪಿನಲ್ಲಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮುಂಚೆ ಕೂರಿಸಿರುವ ಆಕ್ಸಿಜನ್ ಸೆನ್ಸರ್. ತೂಕದ ಲೆಕ್ಕದಲ್ಲಿ ಪೆಟ್ರೋಲ್ ಒಂದು ಪಾಲಿಗೆ ಗಾಳಿ 14.7 ಪಾಲು ಇದ್ದರೆ ಸರಿಯಾದ ಮಿಶ್ರಣ. ಹೊಗೆಯಲ್ಲಿ ಆಕ್ಸಿಜನ್ ಜಾಸ್ತಿ ಉಳಿದಿದ್ದರೆ ಸೆನ್ಸರ್ 0.1 ವೋಲ್ಟ್ ಹತ್ತಿರ ತೋರಿಸುತ್ತದೆ, ಪೆಟ್ರೋಲ್ ಜಾಸ್ತಿ ಇದ್ದರೆ 0.9 ಹತ್ತಿರ. ಬಿಸಿ ಇಂಜಿನ್ನಿನಲ್ಲಿ ಒಳ್ಳೆಯ ಸೆನ್ಸರ್ ಇವೆರಡರ ಮಧ್ಯೆ ಬಿಡದೆ ಮೇಲೆ ಕೆಳಗೆ ಓಡಾಡುತ್ತಲೇ ಇರಬೇಕು. ಅದು ಕೆಳಗೇ ಸಿಕ್ಕಿಕೊಂಡರೆ ಇಸಿಯು ಅದನ್ನೇ ನಂಬಿ, ಪೆಟ್ರೋಲ್ ಸಾಲದು ಅಂದುಕೊಂಡು ಸುಮ್ನೆ ಸುರಿಯುತ್ತಾ ಹೋಗುತ್ತದೆ.

ಕೊನೆಗೆ ಗೆಳೆಯರೊಬ್ಬರು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚಿಕ್ಕ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲಿ ತೋರಿಸಿದರು. ಎರಡು ನಂಬರ್ ನೋಡಿದಾಗಲೇ ನನಗೆ ವಿಷಯ ಅರ್ಥವಾಗಿದ್ದು. ಮುಂದಿನ ಸೆನ್ಸರ್ 0.15, 0.2 ಅಂತ ಕೆಳಗೇ ತೆವಳುತ್ತಿತ್ತು. ಕನ್ವರ್ಟರ್ ಆಚೆಗಿರುವ ಹಿಂದಿನ ಸೆನ್ಸರ್ 0.8ರಲ್ಲಿ ಅಲ್ಲಾಡದೆ ನಿಂತಿತ್ತು. ಒಂದು ಪೆಟ್ರೋಲ್ ಕಮ್ಮಿ ಅನ್ನುತ್ತಿದೆ, ಇನ್ನೊಂದು ಜಾಸ್ತಿ ಅನ್ನುತ್ತಿದೆ. ಎರಡೂ ನಿಜ ಆಗೋದಕ್ಕೆ ಸಾಧ್ಯವಿಲ್ಲ, ಅಲ್ವಾ? ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ತಾನಾಗಿ ಕೂಡಿಸುತ್ತಿರುವ ಪೆಟ್ರೋಲ್, +22 ಶೇಕಡಾ ಇತ್ತು. ಸಾಮಾನ್ಯವಾಗಿ ಅದು 10ರ ಒಳಗೆ ಇರಬೇಕು. ನನ್ನ ಕಾರಿನಲ್ಲಿ ಲೈಟ್ ಹತ್ತುವ ಮಟ್ಟಕ್ಕೆ ಇನ್ನೂ ಸ್ವಲ್ಪ ಬಾಕಿ ಇತ್ತು, ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ.

ಹಾಗಂತ ಅಲ್ಲಿಗೇ ಸೆನ್ಸರ್ ಕೆಟ್ಟಿದೆ ಅನ್ನುವ ಹಾಗಿಲ್ಲ. ಇಲ್ಲೇ ಜಾಸ್ತಿ ಜನ ಎಡವುವುದು. ಸೆನ್ಸರಿಗೆ ಮುಂಚೆ ಹೊಗೆ ಪೈಪಿನ ಜಾಯಿಂಟಿನ ಗ್ಯಾಸ್ಕೆಟ್ ಲೀಕಾದರೆ ಹೊರಗಿನ ಗಾಳಿ ಒಳಗೆ ಸೇರಿ, ಸೆನ್ಸರ್ ಪೆಟ್ರೋಲ್ ಕಮ್ಮಿ ಅಂತ ತೋರಿಸುತ್ತದೆ. ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದ್ದರೂ ಉರಿಯದೆ ಉಳಿದ ಗಾಳಿ ಹೊರಗೆ ಬಂದು ಹಾಗೇ ತೋರಿಸುತ್ತದೆ. ಹೊಸ ಸೆನ್ಸರ್ ಹಾಕಿದರೂ ಅದು ಅದನ್ನೇ ಹೇಳುತ್ತದೆ. ಸ್ಕ್ಯಾನರಿನಲ್ಲಿ P0171 ಅನ್ನುವ ದೋಷದ ಕೋಡ್ ಬಂದ ಕೂಡಲೇ ಸೆನ್ಸರ್ ಆರ್ಡರ್ ಮಾಡುವವರು ಇದನ್ನು ದಯವಿಟ್ಟು ನೆನಪಿಡಬೇಕು, ಆ ಕೋಡ್ ಮಿಶ್ರಣದಲ್ಲಿ ಪೆಟ್ರೋಲ್ ಕಮ್ಮಿ ಕಾಣುತ್ತಿದೆ ಅಂತ ಹೇಳುತ್ತದೆಯೇ ಹೊರತು ಯಾವ ಪಾರ್ಟ್ ಕೆಟ್ಟಿದೆ ಅಂತ ಹೇಳುವುದಿಲ್ಲ. P0135 ಬಂದರೆ ಮಾತು ಬೇರೆ, ಅದು ಸೆನ್ಸರ್ ಒಳಗಿನ ಹೀಟರ್ ಸರ್ಕ್ಯೂಟಿನದ್ದು. ಆಗಲೂ ಮೊದಲು ಫ್ಯೂಸ್, ವೈರು ನೋಡಬೇಕು.

ನಾವು ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಲೀಕ್ ಸದ್ದಿಗೆ ಕಿವಿ ಕೊಟ್ಟೆವು, ಜಾಯಿಂಟ್ ಸುತ್ತ ಮಸಿ ಕಲೆ ಹುಡುಕಿದೆವು. ಏನೂ ಇರಲಿಲ್ಲ. ಮಿಸ್ಸಿಂಗೂ ಇರಲಿಲ್ಲ. ಆಮೇಲೆ ಇಂಜಿನ್ ಚೆನ್ನಾಗಿ ಬಿಸಿ ಮಾಡಿ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒಮ್ಮೆ ಜೋರಾಗಿ ಒತ್ತಿದೆವು. ಒಳ್ಳೆಯ ಸೆನ್ಸರ್ ಆಗ ಥಟ್ಟನೆ 0.8ರ ಮೇಲಕ್ಕೆ ಜಿಗಿಯಬೇಕು. ನಮ್ಮದು ನಿಧಾನಕ್ಕೆ 0.35ಕ್ಕೆ ಏರಿ ಸುಸ್ತಾದಂತೆ ವಾಪಸ್ ಬಂತು. ಬಿಚ್ಚಿ ನೋಡಿದರೆ ತುದಿಯಲ್ಲಿ ಬೆಳ್ಳಗೆ ಪುಡಿ ಮೆತ್ತಿತ್ತು. ಹಿಂದೊಮ್ಮೆ ಆಯಿಲ್ ಲೀಕ್ ನಿಲ್ಲಿಸೋಕೆ ಸಿಲಿಕೋನ್ ಪೇಸ್ಟ್ ಧಾರಾಳವಾಗಿ ಹಚ್ಚಿಸಿದ್ದೆ. ಕೆಲವು ಪೇಸ್ಟ್‌ಗಳ ಆವಿ ಈ ಸೆನ್ಸರಿಗೆ ವಿಷ. ಸೆನ್ಸರಿಗೆ ತೊಂದರೆ ಮಾಡದ ಪೇಸ್ಟ್ ಬೇರೆಯೇ ಸಿಗುತ್ತದೆ, ಡಬ್ಬಿಯ ಮೇಲೆ ಬರೆದಿರುತ್ತಾರೆ.

ಹೊಸದು ಹಾಕಿ, ಇಸಿಯು ಕಲಿತಿದ್ದನ್ನು ಅಳಿಸಿ, ಎರಡು ಟ್ಯಾಂಕ್ ಓಡಿಸಿದ ಮೇಲೆ ಟ್ರಿಮ್ 3ಕ್ಕೆ ಇಳಿಯಿತು, ಮೈಲೇಜ್ 16ಕ್ಕೆ ಹತ್ತಿರ ಬಂತು. ಇನ್ನಷ್ಟು ದಿನ ಹಾಗೇ ಓಡಿಸಿದ್ದರೆ ಉರಿಯದ ಪೆಟ್ರೋಲ್ ಹೋಗಿ ಕನ್ವರ್ಟರನ್ನೂ ಸುಡಬಹುದಿತ್ತು. ಅದು ಸೆನ್ಸರಿಗಿಂತ ಎಷ್ಟೋ ಪಟ್ಟು ದುಬಾರಿ ಪಾರ್ಟ್.

ಒಂದು ಮಾತು ಹೇಳಲೇಬೇಕು. ಎಷ್ಟೋ ಹೊಸ ಕಾರುಗಳಲ್ಲಿ ಮುಂದಿನ ಸೆನ್ಸರ್ ವೈಡ್‌ಬ್ಯಾಂಡ್ ಜಾತಿಯದು, ಅದು ಕರೆಂಟ್ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಅದಕ್ಕೆ ಈ 0.1, 0.9 ಲೆಕ್ಕ ಹಾಕಿ ಕೆಟ್ಟಿದೆ ಅನ್ನಬೇಡಿ, ಟ್ರಿಮ್ ನೋಡಿ.

ಗ್ಯಾರೇಜಿನವರಲ್ಲಿ ನನ್ನ ಕೇಳಿಕೆ ಇಷ್ಟೇ. ಪಾರ್ಟ್ ಬಿಚ್ಚುವ ಮುಂಚೆ ಸೆನ್ಸರ್ ಮತ್ತು ಟ್ರಿಮ್ ರೀಡಿಂಗನ್ನು ಗಾಡಿ ಮಾಲೀಕರಿಗೆ ತೋರಿಸಿ, ಬದಲಿಸಿದ ಮೇಲೆ ಇನ್ನೊಮ್ಮೆ ತೋರಿಸಿ. ಹತ್ತು ನಿಮಿಷದ ಕೆಲಸ. ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಹೊಸ ಮಾಡೆಲ್‌ಗಳ ಜೊತೆಗೆ ಇಂಥ ರೀಡಿಂಗ್ ಓದುವುದು ಹೇಗೆ ಅಂತ ಆಗಾಗ ಒಂದು ಕಾಲಂ ಹಾಕಿದರೆ ನನ್ನಂಥವರಿಗೆ ತುಂಬಾ ಉಪಕಾರವಾಗುತ್ತದೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ