ಪಂಕ್ಚರ್ ಹಾಕಿಸಿದರಷ್ಟೇ ಸಾಲದು

ಪ್ರೀತಿಯ ಮಗಳೇ,

ಫೋನಿನಲ್ಲಿ ನೀನು ಸಿಟ್ಟಿನಲ್ಲಿದ್ದೆ, ಅದಕ್ಕೇ ನಾನು ಜಾಸ್ತಿ ಮಾತಾಡಲಿಲ್ಲ. ಸೋಮವಾರ ಉಳಿಯತ್ತಡ್ಕದ ಹತ್ತಿರ ಹಿಂದಿನ ಚಕ್ರದ ಗಾಳಿ ಹೋಯಿತು, ಪಂಕ್ಚರ್ ಹಾಕಿಸಿದೆ. ಬುಧವಾರ ಮತ್ತೆ ಅದೇ ಚಕ್ರ. ಆಫೀಸಿಗೆ ತಡ, ಚೂಡಿದಾರಕ್ಕೆಲ್ಲ ಕೆಸರು. "ಸೈಕಲ್ಲೇ ಬೇಡ, ಸ್ಕೂಟರ್ ತೆಗೆದುಕೊಳ್ಳುತ್ತೇನೆ" ಅಂದೆ. ತೆಗೆದುಕೋ, ನನ್ನದೇನೂ ಅಡ್ಡಿಯಿಲ್ಲ. ಆದರೆ ಪಂಕ್ಚರಿಗೆ ಹೆದರಿ ತೆಗೆದುಕೊಳ್ಳಬೇಡ ಮಾರಾಯ್ತಿ. ಚುಚ್ಚುವ ಮುಳ್ಳಿಗೆ ಸೈಕಲ್, ಸ್ಕೂಟರ್ ಅಂತ ಭೇದ ಇಲ್ಲ.

ಒಂದೇ ವಾರದಲ್ಲಿ ಒಂದೇ ಚಕ್ರ ಎರಡು ಸಲ ಪಂಕ್ಚರ್ ಆದರೆ ಅದು ಗ್ರಹಚಾರ ಅಲ್ಲ. ಚುಚ್ಚಿದ್ದು ಇನ್ನೂ ಟಯರಿನೊಳಗೇ ಇದೆ. ಅಂಗಡಿಯ ಹುಡುಗ ಟ್ಯೂಬಿನ ತೂತು ಮುಚ್ಚಿ ಕಳಿಸಿದ, ಟಯರಿನೊಳಗೆ ಕೈ ಹಾಕಿ ನೋಡಲಿಲ್ಲ. ಸಂಜೆ ವಿದ್ಯಾನಗರದಲ್ಲಿ ನೀನು ಹೆದ್ದಾರಿ ಬದಿಯ ಸರ್ವಿಸ್ ರಸ್ತೆಯಲ್ಲೇ ಬರುವುದಲ್ವಾ? ನಮ್ಮ ಕಾಸರಗೋಡಿನ ಹೆದ್ದಾರಿಯನ್ನು ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಆರು ಪಥ ಮಾಡಿದ್ದಾರೆ. ಆದರೆ ರಸ್ತೆ ಎಷ್ಟೇ ಅಗಲವಾದರೂ ಕಸ ಬಂದು ಸೇರುವುದು ಸೈಕಲಿನವರು ಹೋಗುವ ಅಂಚಿಗೇ. ಲಾರಿ ಟಯರ್ ಒಡೆದು ಚೂರಾದಾಗ ಒಳಗಿನ ಉಕ್ಕಿನ ತಂತಿ ಅಲ್ಲೇ ಉದುರಿ ಬೀಳುತ್ತದೆ. ಕೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಅದು ಚುಚ್ಚಿದರೆ ಗಾಳಿ ಒಮ್ಮೆಲೇ ಹೋಗುವುದಿಲ್ಲ. ಸಂಜೆ ಮಧೂರಿನವರೆಗೆ ಆರಾಮಾಗಿ ಬರುತ್ತೀ, ಬೆಳಗ್ಗೆ ಹೊರಟು ಸ್ವಲ್ಪ ದೂರ ಹೋದ ಮೇಲೆ ಚಕ್ರ ಮೆತ್ತಗಾಗುತ್ತದೆ. ನಿನಗೆ ಆದದ್ದೂ ಇದೇ ಇರಬೇಕು ಅಂತ ನನ್ನ ಲೆಕ್ಕ. ಮಳೆಗಾಲದಲ್ಲಂತೂ ಇದು ಜಾಸ್ತಿ. ನೀರು ಕಸವನ್ನೆಲ್ಲ ಅಂಚಿಗೆ ತಂದು ಹಾಕುತ್ತದೆ, ಒದ್ದೆ ರಬ್ಬರಿಗೆ ಮುಳ್ಳು, ಗಾಜು ಸಲೀಸಾಗಿ ಇಳಿಯುತ್ತದೆ.

ತಂತಿ ಹುಡುಕುವುದು ಹೀಗೆ. ಬಿಚ್ಚುವ ಮೊದಲು ಟಯರಿನ ಮೇಲಿನ ಹೆಸರು ವಾಲ್ವಿನಿಂದ ಎಷ್ಟು ದೂರ ಇದೆ ನೋಡಿಕೋ, ಚಾಕ್‌ಪೀಸಿನಿಂದ ಗುರುತು ಮಾಡಿದರೂ ಆಗುತ್ತದೆ. ಟ್ಯೂಬ್ ಹೊರಗೆ ಎಳೆದು, ಗಾಳಿ ಹೊಡೆದು, ಬಕೆಟಿನ ನೀರಿನಲ್ಲಿ ಮುಳುಗಿಸು. ಗುಳ್ಳೆ ಬಂದ ಜಾಗ ವಾಲ್ವಿನಿಂದ ಎಷ್ಟು ದೂರವೋ ಟಯರಿನಲ್ಲೂ ಅಷ್ಟೇ ದೂರದಲ್ಲಿ ಕಳ್ಳ ಇರುತ್ತಾನೆ. ಬರಿಗೈಯಲ್ಲಿ ತಡಕಬೇಡ, ಬೆರಳಿಗೆ ಚುಚ್ಚುತ್ತದೆ. ಹಳೆ ಬನಿಯನ್ ಬಟ್ಟೆಯನ್ನು ಟಯರಿನ ಒಳಮೈಗೆ ಒತ್ತಿ ನಿಧಾನ ಎಳೆ. ತಂತಿ ಇದ್ದಲ್ಲಿ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದೆ. ಅದನ್ನು ಒಳಗಿನಿಂದಲೇ ಚಿಮಟದಲ್ಲಿ ಹಿಡಿದು ಕೀಳು. ಸಿಗಲಿಲ್ಲ ಅಂತ ಸುಮ್ನೆ ಬಿಡಬೇಡ, ಟಯರನ್ನು ಹೊರಗೂ ಒಳಗೂ ಬಗ್ಗಿಸಿ ನೋಡು.

ತೂತು ನೋಡಿದರೇ ಕಾರಣ ಗೊತ್ತಾಗುತ್ತದೆ. ಹಾವು ಕಚ್ಚಿದ ಹಾಗೆ ಪಕ್ಕಪಕ್ಕದಲ್ಲಿ ಎರಡು ಗಾಯ ಇದ್ದರೆ ಮುಳ್ಳಲ್ಲ. ಗಾಳಿ ಕಡಿಮೆ ಇಟ್ಟುಕೊಂಡು ಹೊಂಡಕ್ಕೆ ಇಳಿಸಿದ್ದೀ, ರಿಮ್ಮಿಗೂ ಹೊಂಡದ ಅಂಚಿಗೂ ನಡುವೆ ಟ್ಯೂಬ್ ಸಿಕ್ಕಿದೆ. ತೂತು ರಿಮ್ಮಿನ ಕಡೆಗಿದ್ದರೆ ಚಕ್ರದ ಕಡ್ಡಿಯ ತಲೆ ಉಜ್ಜುತ್ತಿದೆ, ಅದರ ಮೇಲಿನ ರಿಮ್ ಟೇಪ್ ಸರಿ ಮಾಡಿಸಬೇಕು. ವಾಲ್ವಿನ ಬುಡದಲ್ಲೇ ಹರಿದಿದ್ದರೆ ಪ್ಯಾಚ್ ನಿಲ್ಲುವುದಿಲ್ಲ, ಟ್ಯೂಬೇ ಹೊಸದು ಹಾಕಬೇಕು.

ನನ್ನ ಕಾಲದ ಸೈಕಲ್ ಬೇರೆ. ಪೆರ್ಲದಿಂದ ಬದಿಯಡ್ಕಕ್ಕೆ ಕೆಲಸಕ್ಕೆ ಹೋಗುವಾಗ ಪಂಕ್ಚರಿಗಿಂತ ವಾಲ್‌ಟ್ಯೂಬಿನ ಕಾಟವೇ ಹೆಚ್ಚು. ವಾಲ್ವಿನ ಕಡ್ಡಿಗೆ ತೊಡಿಸುವ ಸಣ್ಣ ರಬ್ಬರ್ ಕೊಳವೆ ಅದು. ಹಳತಾದರೆ ಬಿರುಕು ಬಿಟ್ಟು ಗಾಳಿ ನಿಲ್ಲುವುದಿಲ್ಲ, ಜನ ಪಂಕ್ಚರ್ ಅಂತ ಇಡೀ ಟ್ಯೂಬ್ ಬಿಚ್ಚುತ್ತಿದ್ದರು. ಬೆರಳಿಗೆ ಎಂಜಲು ಮಾಡಿ ವಾಲ್ವಿನ ಬಾಯಿಗೆ ಹಚ್ಚಿದರೆ ಸಾಕು, ಗುಳ್ಳೆ ಎದ್ದರೆ ವಾಲ್‌ಟ್ಯೂಬಿನದೇ ತಕರಾರು. ಒಂದು ತುಂಡು ಯಾವಾಗಲೂ ಬೆಂಕಿಪೆಟ್ಟಿಗೆಯೊಳಗೆ ಹಾಕಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ನಿನ್ನದು ಬೈಕಿನ ಥರದ ದಪ್ಪ ವಾಲ್ವ್, ಆ ರಗಳೆ ಇಲ್ಲ. ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಾಕಿಸಬಹುದು. ಆದರೆ ಅಲ್ಲಿನ ಯಂತ್ರ ಸೈಕಲ್ ಟ್ಯೂಬಿಗೆ ಜೋರಾಯಿತು. ಸ್ವಲ್ಪ ಸ್ವಲ್ಪವೇ ಹಾಕಲು ಹೇಳು. ಎಷ್ಟು ಹಾಕಬೇಕು ಅಂತ ಟಯರಿನ ಬದಿಯಲ್ಲೇ ಅಚ್ಚಾಗಿದೆ.

ದಾರಿಯಲ್ಲಿ ನಿಂತು ಪ್ಯಾಚ್ ಹಾಕುತ್ತಾ ಕೂರು ಅಂತ ನಾನು ಹೇಳುವುದಿಲ್ಲ. ಮಳೆಯಲ್ಲಿ ಪ್ಯಾಚ್ ಹಿಡಿಯುವುದೂ ಇಲ್ಲ. ಟ್ಯೂಬನ್ನು ಮರಳು ಕಾಗದದಿಂದ ಉಜ್ಜಿ, ಸೊಲ್ಯೂಷನ್ ಅನ್ನುವ ಅಂಟು ಹಚ್ಚಿ, ಅದು ಒಣಗಿ ಹೊಳಪು ಹೋದ ಮೇಲೆಯೇ ಅಂಟಿಸಬೇಕು. ಒದ್ದೆ ಇದ್ದರೆ ಕೆಲಸ ಕೆಟ್ಟಿತು. ಹಾಗಾಗಿ ಬ್ಯಾಗಿನಲ್ಲಿ ಒಂದು ಹೊಸ ಟ್ಯೂಬ್, ಟಯರ್ ಎಬ್ಬಿಸಲು ಎರಡು ಪ್ಲಾಸ್ಟಿಕ್ ಲಿವರ್, ಸಣ್ಣ ಪಂಪ್, ಚಕ್ರದ ನಟ್ ಬಿಚ್ಚಲು 15ರ ಪಾನ ಇರಲಿ. ಸ್ಕ್ರೂಡ್ರೈವರ್ ಹಾಕಿ ಟಯರ್ ಎಬ್ಬಿಸಬೇಡ, ಹೊಸ ಟ್ಯೂಬಿಗೇ ತೂತಾಗುತ್ತದೆ. ಟ್ಯೂಬ್ ಬದಲಾಯಿಸಿ ಹೋಗು, ಹಳತಕ್ಕೆ ರಾತ್ರಿ ಜಗಲಿಯಲ್ಲಿ ಕೂತು ಪ್ಯಾಚ್ ಹಾಕು. ಚಕ್ರ ಮತ್ತೆ ಕೂರಿಸುವಾಗ ಚೈನನ್ನು ನಡುವಿನಲ್ಲಿ ಬೆರಳಿನಿಂದ ಎತ್ತಿ ನೋಡು. ಅರ್ಧ ಇಂಚಿನಷ್ಟು ಆಡಬೇಕು. ಜಾಸ್ತಿ ಸಡಿಲ ಬಿಟ್ಟರೆ ಇಳಿಜಾರಿನಲ್ಲಿ ಚೈನ್ ಕಳಚುತ್ತದೆ. ನಮ್ಮ ಕಡೆ ಇಳಿಜಾರಿಗೇನು ಬರವೇ?

ಹೆದ್ದಾರಿ ಬದಿಯ ಟಯರ್ ಅಂಗಡಿಯವರು ಸೈಕಲ್ ಕಂಡರೆ ಮುಖ ತಿರುಗಿಸುತ್ತಾರೆ ಅಂದೆಯಲ್ಲ, ಅವರನ್ನು ಬೈದು ಪ್ರಯೋಜನ ಇಲ್ಲ. ಕಾರು, ಸ್ಕೂಟರಿನ ಟ್ಯೂಬ್‌ಲೆಸ್ ಟಯರ್ ಆದರೆ ಚಕ್ರ ಬಿಚ್ಚದೆ ಐದು ನಿಮಿಷದಲ್ಲಿ ಮುಗಿಯುತ್ತದೆ, ದುಡ್ಡೂ ಜಾಸ್ತಿ. ಸೈಕಲ್ ಕೆಲಸ ಗೊತ್ತಿದ್ದ ಹಿರಿಯರೆಲ್ಲ ಬೆಂಚು ಎತ್ತಿಟ್ಟಾಯಿತು.

ಕತ್ತಲಾಗಿದ್ದರೆ, ಮಳೆ ಜೋರಿದ್ದರೆ ರಿಪೇರಿಯ ಹಠ ಬೇಡ. ಗೊತ್ತಿದ್ದ ಅಂಗಡಿಯಲ್ಲಿ ಸೈಕಲ್ ಬೀಗ ಹಾಕಿ ಇಟ್ಟು ಬಸ್ ಹತ್ತು. ಆದರೆ ಗಾಳಿ ಇಲ್ಲದ ಚಕ್ರದಲ್ಲಿ ಮಾತ್ರ ಕೂತು ಹೋಗಬೇಡ, ಟಯರ್ ಹರಿದು ರಿಮ್ ಡೊಂಕಾದರೆ ಖರ್ಚು ಎಲ್ಲಿಗೋ ಹೋಗುತ್ತದೆ. ಆಫೀಸಿನ ಮೇಲಿನವರಿಗೆ ನಿಂತಲ್ಲಿಂದಲೇ ಒಂದು ಸಾಲು ಮೆಸೇಜ್ ಹಾಕಿಬಿಡು. ಹೋದ ಮೇಲೆ ಕಥೆ ಹೇಳುವುದಕ್ಕಿಂತ ಅದು ಒಳ್ಳೆಯದು. ಕೈಯ ಕರಿ ಸಾಬೂನಿಗೆ ಹೋಗುವುದಿಲ್ಲ. ಮೊದಲು ತೆಂಗಿನೆಣ್ಣೆ ತಿಕ್ಕಿ ಕಾಗದದಲ್ಲಿ ಒರೆಸು, ಆಮೇಲೆ ಸಾಬೂನು.

ಪಂಪ್, ಪಾನ ಎಲ್ಲ ನನ್ನ ಹತ್ತಿರ ಇದೆ, ಟ್ಯೂಬೊಂದು ನೀನೇ ತೆಗೆದುಕೋ. ಭಾನುವಾರ ಬರುವಾಗ ಟಯರ್ ಸೈಜ್ ಬರೆದುಕೊಂಡು ಬಾ, ಟಯರ್ ಸವೆದಿದ್ದರೆ ಅದನ್ನೂ ಬದಲಾಯಿಸೋಣ. ಅಮ್ಮ ದೊಡ್ಡಮ್ಮನಿಗೆ ಅಂತ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆ. ಸೊಲ್ಯೂಷನ್ ಟ್ಯೂಬನ್ನು ಅದೇ ಚೀಲಕ್ಕೆ ತುಂಬಬೇಡ ಮತ್ತೆ.

ನಿನ್ನ
ಅಪ್ಪ