ಅಮ್ಮನಿಗೆ ಕಾರ್ಡ್ ಬಂತು, ಇಳಾಬೆನ್

ಕಳೆದ ವಾರ ಅಮ್ಮನ ಕೈಗೆ ಬೀದಿ ವ್ಯಾಪಾರಿ ಗುರುತಿನ ಚೀಟಿ ಬಂತು. 22 ವರ್ಷದಿಂದ ಒಂದೇ ಮೂಲೆಯಲ್ಲಿ ಸೊಪ್ಪು ಮಾರುತ್ತಿದ್ದಾಳೆ. ದಂಟು, ಮೆಂತ್ಯ, ಸಬ್ಬಸಿಗೆ. ಕಾರ್ಡಿನ ಫೋಟೋದಲ್ಲಿ ಕಣ್ಣು ಅರ್ಧ ಮುಚ್ಚಿದೆ. ಆದರೂ ಮನೆಗೆ ಬಂದವರಿಗೆಲ್ಲ ತೋರಿಸುವುದೇ ಕೆಲಸ.

ಮೊದಲ ಥ್ಯಾಂಕ್ಸ್ ಪಕ್ಕದ ಹೂವಿನ ಅಕ್ಕನಿಗೆ. ಲಾರಿ ಬಂದು ಗಾಡಿ, ತಕ್ಕಡಿ ಎಲ್ಲ ಎತ್ತಿಕೊಂಡು ಹೋಗುವಾಗ ತನ್ನ ಹೂವು ಬಿಟ್ಟು ಅಮ್ಮನ ಬುಟ್ಟಿ ಒಳಗೆಳೆದುಕೊಂಡವಳು ಅವಳು. ಆಮೇಲೆ ಟೀ ಅಂಗಡಿಯಣ್ಣನಿಗೆ. ಮಳೆ ಬಂದರೆ ಅವರ ಶೀಟಿನ ಕೆಳಗೇ ನಮ್ಮ ವ್ಯಾಪಾರ. ಅರ್ಜಿ ಬರೆದುಕೊಟ್ಟ ಸಂಘದ ಹೆಂಗಸರಿಗೂ. ಒಂದು ಪೈಸೆ ತಗೊಳ್ಳಲಿಲ್ಲ.

ಇನ್ನೊಬ್ಬರಿದ್ದಾರೆ. ಅಮ್ಮ ಅವರ ಹೆಸರನ್ನೇ ಕೇಳಿರಲಿಲ್ಲ. ಅಹಮದಾಬಾದಿನ ಇಳಾ ಭಟ್, ಎಲ್ಲರಿಗೂ ಇಳಾಬೆನ್. 2022ರ ನವೆಂಬರ್ 2ರಂದು ತೀರಿಕೊಂಡರು.

ಅವರು ವಕೀಲೆ. ಗಿರಣಿ ಕಾರ್ಮಿಕರ ಸಂಘದಲ್ಲಿ ಕೆಲಸ ಮಾಡುತ್ತಿದ್ದರು. 1971ರಲ್ಲಿ ಅಲ್ಲಿನ ಬಟ್ಟೆ ಮಾರುಕಟ್ಟೆಯ ಹಮಾಲಿ ಹೆಂಗಸರು ಅವರ ಹತ್ತಿರ ಬಂದರು. ತಲೆ ಮೇಲೆ ಹೊರೆ ಹೊತ್ತು ಅಂಗಡಿಯಿಂದ ಅಂಗಡಿಗೆ ಓಡುವವರು. ಎಷ್ಟು ಸಲ ಹೊತ್ತರು ಅನ್ನುವುದಕ್ಕೆ ಲೆಕ್ಕವಿಲ್ಲ, ಕೊಟ್ಟಷ್ಟೇ ಕೂಲಿ. ಇಳಾಬೆನ್ ಪತ್ರಿಕೆಯಲ್ಲಿ ಬರೆದರು. ವ್ಯಾಪಾರಿಗಳಿಗೆ ಸಿಟ್ಟು ಬಂತು. ನಾವು ಸರಿಯಾಗೇ ಕೊಡುತ್ತೇವೆ, ದರ ಇಷ್ಟು ಅಂತ ಅವರೂ ಬರೆಸಿದರು. ಇಳಾಬೆನ್ ಜಗಳಕ್ಕೆ ಹೋಗಲಿಲ್ಲ. ವ್ಯಾಪಾರಿಗಳು ಹೇಳಿದ್ದನ್ನೇ ಕಾರ್ಡಿನಲ್ಲಿ ಅಚ್ಚು ಹಾಕಿಸಿ ಹೆಂಗಸರ ಕೈಗೆ ಕೊಟ್ಟರು. ನೀವೇ ಹೇಳಿದ್ದೀರಲ್ಲ, ಕೊಡಿ! ಈ ಕಥೆ ಓದಿದಾಗೆಲ್ಲ ನನಗೆ ನಗು ಬರುತ್ತದೆ.

ಅದೇ ವರ್ಷ ‘ಸೇವಾ’ ಶುರುವಾಯಿತು, ಸ್ವಂತ ದುಡಿಮೆಯ ಹೆಂಗಸರ ಸಂಘ. ನೋಂದಣಿಗೆ ಹೋದರೆ ಅಧಿಕಾರಿಗಳು ಒಪ್ಪಲಿಲ್ಲ. ಮಾಲೀಕನೇ ಇಲ್ಲ, ಯಾರ ವಿರುದ್ಧ ಸಂಘ? ಇಳಾಬೆನ್ ವಾದ ಸರಳ: ಸಂಘ ಇರುವುದು ಯಾರದೋ ವಿರುದ್ಧ ಅಲ್ಲ, ನಾವು ಒಟ್ಟಿಗೆ ಇರೋದಕ್ಕೆ. 1972ರಲ್ಲಿ ನೋಂದಣಿ ಆಯಿತು. ಎರಡು ವರ್ಷಕ್ಕೆ ತಮ್ಮದೇ ಬ್ಯಾಂಕ್. 4,000 ಹೆಂಗಸರು ತಲಾ 10 ರೂಪಾಯಿ ಹಾಕಿದರು. ಸಹಿ ಬಾರದವರಿಗೆ ಪಾಸ್‌ಬುಕ್ಕಿನಲ್ಲಿ ಫೋಟೋ ಅಂಟಿಸಿದರು.

ಬೀದಿ ವ್ಯಾಪಾರಿಗಳ ಕಾನೂನು ಬಂದದ್ದು 2014ರಲ್ಲಿ. ಸರ್ವೆ ಮಾಡಿ ಕಾರ್ಡ್ ಕೊಡುವ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ ಅನ್ನುತ್ತದೆ ಅದು. ಬರೆದಿರುವುದು ಒಂದು, ಲಾರಿ ಬರುವುದು ಇನ್ನೊಂದು, ಬಿಡಿ. ಆದರೂ ಆ ಕಾನೂನಿಗಾಗಿ ವರ್ಷಗಟ್ಟಲೆ ಹೋರಾಡಿದವರಲ್ಲಿ ಸೇವಾದ ಹೆಂಗಸರೂ ಇದ್ದರು. ಅಹಮದಾಬಾದಿನ ಮಾಣೇಕ್ ಚೌಕದ ತರಕಾರಿ ಮಾರುವವರಿಗಾಗಿ ಅವರು ಸುಪ್ರೀಂ ಕೋರ್ಟಿನವರೆಗೂ ಹೋಗಿದ್ದರು.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಹೈಸ್ಕೂಲಿನ ಫಾರ್ಮಿನಲ್ಲಿ ‘ತಾಯಿಯ ಉದ್ಯೋಗ’ ಅಂತ ಇರುತ್ತಿತ್ತು. ಮೂರು ವರ್ಷವೂ ನಾನು ‘ಗೃಹಿಣಿ’ ಅಂತಲೇ ಬರೆದೆ. ಫೀಸು ಕಟ್ಟಿದ್ದು ಸೊಪ್ಪಿನ ದುಡ್ಡಲ್ಲಿ. ಸುಳ್ಳು ಅಂತ ಅನ್ನಿಸಿರಲಿಲ್ಲ, ಸೊಪ್ಪು ಮಾರುವುದೂ ಒಂದು ಉದ್ಯೋಗ ಅಂತ ಹೊಳೆದೇ ಇರಲಿಲ್ಲ. ಅಸಂಘಟಿತರು ಅನ್ನುವ ಪದ ಇಳಾಬೆನ್‌ಗೆ ಯಾಕೆ ಹಿಡಿಸುತ್ತಿರಲಿಲ್ಲ ಅಂತ ಈಗ ಗೊತ್ತಾಗುತ್ತಿದೆ. ಕೆಲಸ ಮಾಡುವವರನ್ನು ಅವರು ಏನು ಅಲ್ಲ ಅನ್ನುವುದರಿಂದ ಕರೆಯೋದು ಯಾಕೆ? ಸ್ವಂತ ದುಡಿಮೆಯವರು ಅಂತ ಅವರು ತಮ್ಮ ಸಂಘದ ಹೆಸರಿನಲ್ಲೇ ಸೇರಿಸಿದರು. ಅಮ್ಮನ ಕಾರ್ಡಿನಲ್ಲಿ ಈಗ ‘ವ್ಯಾಪಾರಿ’ ಅಂತಿದೆ.

ನಿನ್ನೆ ಮೊಬೈಲಿನಲ್ಲಿ ಇಳಾಬೆನ್ ಫೋಟೋ ತೋರಿಸಿದೆ. ಖಾದಿ ಸೀರೆ, ಬಿಳಿ ಕೂದಲು. ಅಮ್ಮ ಸ್ವಲ್ಪ ಹೊತ್ತು ನೋಡಿದಳು.

“ಈಯಮ್ಮ ಏನು ಮಾರ್ತಿದ್ರು?” ಅಂದಳು.